ಉಗ್ರಾಣದಲ್ಲಿ ದೊರೆತ ಹಿಂಡುವ ಯಂತ್ರ

ಇಂಥ ಸ್ಮರಣ ಸಂಚಿಕೆಗಳಲ್ಲಿ ಮುಖ್ಯೋಪಾಧ್ಯಾಯಿನಿಯಾದವಳು ಶಾಲೆಯ ಅಭಿವೃದ್ಧಿ, ಪರೀಕ್ಷೆಗಳ ಫಲಿತಾಂಶ, ದಾನಿಗಳ ಔದಾರ್ಯ ಇವುಗಳನ್ನು ಕುರಿತು ನಾಲ್ಕು ಮಾತು ಬರೆಯುವುದು ವಾಡಿಕೆಯಾಗಿರುವುದು. ಆ ಸಂಗತಿಗಳೆಲ್ಲ ಈ ಸಂಚಿಕೆಯ ವರದಿಯ ಪುಟಗಳಲ್ಲಿ ಬಂದೇ ಇರುವುದರಿಂದ ನಾವು ಅವುಗಳನ್ನು ಇಲ್ಲಿ ಮತ್ತೊಮ್ಮೆ ಹೇಳಹೋಗುವುದಿಲ್ಲ. ಅದಕ್ಕೆ ಬದಲಾಗಿ ವಸತಿಗೃಹದ ಬಟ್ಟೆ ಒಗೆಯುವ ಕೆಲಸವನ್ನೂ, ಆ ಕೆಲಸಕ್ಕೆ ಹಿಂದೊಮ್ಮೆ ಉಪಯೋಗವಾಗುತ್ತಿದ್ದ ಒಂದು ಹಳೆಯ ಸಾಧನವನ್ನೂ ಕುರಿತು ಬರೆಯಲು ಮನಸ್ಸು ಮಾಡಿದ್ದೇವೆ. ವಿಷಯವು ಅಲ್ಪವೆಂದು ಪೋಷಕ ಮಹಾಶಯರಲ್ಲಿ ಕೆಲವರಿಗೆ ತೋರಬಹುದು. ವಸತಿಗೃಹದಲ್ಲಿದ್ದು ಕಲಿತ ಹಳೆಯ ವಿದ್ಯಾರ್ಥಿನಿಯರಿಗೆ ಮಾತ್ರ ಹಾಗೆ ತೋರಲಾರದೆಂದು ನಂಬುತ್ತೇವೆ. ಯಾಕಂದರೆ ಶನಿವಾರದ ಒಗೆತವನ್ನು ಅವರಲ್ಲಿ ಯಾರೂ ಮರೆತಿರಲಾರರು.

ಹೋದ ವರ್ಷ ಮೇ ತಿಂಗಳ ರಜೆಯಲ್ಲಿ, ಮಳೆಗಾಲಕ್ಕೆ ಮುಂಚಿತವಾಗಿ, ಹಳೆಯ ಬಂಗಲೆಯ ಹಿಂಬದಿಯ ಉಗ್ರಾಣದ ಮಾಳಿಗೆಯನ್ನು ದುರಸ್ತು ಮಾಡಿಸಬೇಕಾಗಿ ಬಂದಿತು. ಅಲ್ಲಿದ್ದ ಸಾಮಾನುಗಳನ್ನೆಲ್ಲ ಹೊರಕ್ಕೆ ತಂದು ಅಂಗಳದಲ್ಲಿ ಹರಡಲಾಯಿತು. ಕಾಲು ಮುರಿದ ಬೆಂಚುಗಳು, ಗಾಜು ಒಡೆದ ಕಂದೀಲುಗಳು, ತಿದಿ ಹರಿದ ಹಾರ್ಮೋನಿಯಂ, ಹೈದರಾಬಾದು ಸಂಸ್ಥಾನವು ೧೯೪೮ರಲ್ಲಿ ಭಾರತದಲ್ಲಿ ಸೇರುವುದಕ್ಕಿಂತ ಮೊದಲಿನ ಒಂದು ಭೂಪಟ, ಇವುಗಳ ನಡುವೆ ಗೋಣೀತಟ್ಟಿನಲ್ಲಿ ಸುತ್ತಿ ಕಟ್ಟಿದ ಭಾರವಾದ ವಸ್ತುವೊಂದಿತ್ತು. ಬಿಚ್ಚಿ ನೋಡಲಾಗಿ, ಗಟ್ಟಿಯಾದ ಒಂದು ಮರದ ಚೌಕಟ್ಟು. ಅದರ ನಡುವೆ ಒಂದರ ಮೇಲೊಂದು ಎರಡು ಉರುಳೆಗಳು, ಒಂದು ಗೇಣಿಗಿಂತ ಸ್ವಲ್ಪ ಹೆಚ್ಚು ಉದ್ದದವು, ಕಪ್ಪಾಗಿ ಬಿರುಕು ಬಿಟ್ಟವು. ಒಂದು ಪಕ್ಕದಲ್ಲಿ ಕಬ್ಬಿಣದ ಹಲ್ಲುಗಾಲಿಗಳು ಮತ್ತು ತಿರುಗಿಸುವ ಹಿಡಿಕೆ. ಮೇಲ್ಗಡೆ ಎರಡು ತಿರುಪುಗಳು. ಕೆಳಗಡೆ ಯಾವುದನ್ನೋ ಕಚ್ಚಿ ಹಿಡಿಯತಕ್ಕ ಎರಡು ಕಬ್ಬಿಣದ ಹಿಡಿತಗಳು. ಚೌಕಟ್ಟಿನ ಮೇಲೆ ಕುದುರೆಯ ಲಾಳದಂತಿರುವ ಒಂದು ಗುರುತು. ಇಷ್ಟೇ.

ಜೂನಿನಲ್ಲಿ ಶಾಲೆ ತೆರೆದ ಮೇಲೆ ಇದನ್ನು ವರಾಂಡದ ಮೇಜಿನ ಮೇಲಿರಿಸಿ, ಇದೇನೆಂದು ಹುಡುಗಿಯರನ್ನು ಕೇಳಿದೆವು. ಪಟ್ಟಣದ ಹುಡುಗಿಯರು ಒಂದೇ ಸ್ವರದಿಂದ ಕಬ್ಬಿನ ಹಾಲು ತೆಗೆಯುವ ಯಂತ್ರವೆಂದರು. ಬೇಸಿಗೆಯಲ್ಲಿ ರಸ್ತೆಯ ಬದಿಯಲ್ಲಿ ಅಂಥವನ್ನು ಅವರು ದಿನಾಲು ನೋಡುತ್ತಾರೆ. ಲಾಳದ ಗುರುತನ್ನು ಕಂಡ ಒಬ್ಬಳು, ಟಾಂಗಾದ ಸಾಮಾನಿರಬೇಕೆಂದಳು. ನಮ್ಮ ಅಡಿಗೆಯಾಕೆಯು, ಜೋಳದ ರೊಟ್ಟಿಯನ್ನು ಕೈಯಿಂದ ಬಡಿಯಲಾರದ ಯಾರೋ ದೊರೆಸಾನಿಯು ಇದನ್ನು ರೊಟ್ಟಿಗಾಗಿ ತರಿಸಿರಬೇಕೆಂದು ಬಹು ಗಾಂಭೀರ್ಯದಿಂದ ತೀರ್ಪು ಕೊಟ್ಟಳು. ಇವೆಲ್ಲಕ್ಕಿಂತ ಸಮೀಪವಾದ ಊಹೆಯು, ಮೊಮ್ಮಗಳನ್ನು ಬಿಟ್ಟುಹೋಗಲು ಚಿತ್ತಾಪುರದ ಕಡೆಯಿಂದ ಬಂದಿದ್ದ ಒಬ್ಬ ಅಜ್ಜಿಯದು. ಹತ್ತಿಯಿಂದ ಕಾಳನ್ನು ಬೇರ್ಪಡಿಸುವ ಮರದ ರಾಟೆಯನ್ನು ಆಕೆ ಚಿಕ್ಕಂದಿನಲ್ಲಿ ಕಂಡಿದ್ದಳಂತೆ. ಇದು ಅದೇ ಜಾತಿಯದೆಂದು ಹೇಳಿದಳು. ಆ ಮಾತು ಬುದ್ಧಿಯ ಮಾತೆಂದು ನಮಗೆ ಆಗಲೇ ತೋರಿತು. ಒಂದರ ಮೇಲೊಂದು ಉರುಳುವ ಎರಡು ದಿಂಡುಗಳ ನಡುವೆ ಪದಾರ್ಥವನ್ನು ಹಾಯಿಸಿ, ಅರಳೆಯನ್ನು ಆಚೆಗೆ ಕಳುಹಿಸಿ, ಕಾಳನ್ನು ಈಚೆ ಉಳಿಸಿಕೊಳ್ಳುವ ಉಪಾಯವು ನಮ್ಮ ದೇಶಕ್ಕೆ ಹೊಸದಲ್ಲ.

ತರುವಾಯ ಒದ್ದೆ ಬಟ್ಟೆಯಿಂದ ಚೌಕಟ್ಟನ್ನು ಒರೆಸಿದಾಗ ಲಾಳದ ಸುತ್ತ ಇಂಗ್ಲಿಷ್ ಅಕ್ಷರಗಳು ಮಸುಕಾಗಿ ಮೂಡಿದವು: ಅಮೆರಿಕನ್ ರಿಂಗರ್ ಕಂಪನಿ. ಲಾಳವು ಆ ಕಂಪನಿಯ ವ್ಯಾಪಾರದ ಗುರುತು. ರಿಂಗರ್ ಎಂದರೆ ಹಿಂಡತಕ್ಕದ್ದು. ಬೀದರ, ಕಲಬುರಗಿಗಳ ಪ್ರಾಂತದಲ್ಲಿ ಕೆಲಸ ಮಾಡಿದ ಮೆಥೊಡಿಸ್ಟ್ ಮಿಶನರಿಗಳು ಅಮೆರಿಕೆಯಿಂದ ಬಂದವರು; ೧೮೭೧ರಲ್ಲಿ ರಾಯಚೂರಿನವರೆಗೆ ರೈಲು ಹಾಕಿದಂದಿನಿಂದ ಮುಂಬಯಿ ಬಂದರಿನಲ್ಲಿ ಇಳಿದ ಪೆಟ್ಟಿಗೆಗಳು ಈ ಊರಿಗೆ ನೆಟ್ಟಗೆ ಬಂದು ತಲುಪುತ್ತಿದ್ದವು. ಈ ಯಂತ್ರವೂ ಹಾಗೆಯೇ ಬಂದಿರಬೇಕು. ನಮ್ಮ ಹಳೆಯ ಲೆಕ್ಕದ ಪುಸ್ತಕಗಳಲ್ಲಿ ಘಂಟೆಯ ಕ್ರಯವುಂಟು, ಹಾರ್ಮೋನಿಯಮ್ಮಿನ ದುರಸ್ತಿಯುಂಟು, ಬಾವಿಯ ಹಗ್ಗದ ಲೆಕ್ಕವೂ ಉಂಟು. ಈ ಯಂತ್ರದ ಮಾತು ಒಂದು ಸಾಲೂ ಇಲ್ಲ. ಒಗೆಯುವವರು ಬರೆಯುವವರಾಗಿರಲಿಲ್ಲ, ಬರೆಯುವವರು ಒಗೆಯುವವರಾಗಿರಲಿಲ್ಲ ಎಂದು ತೋರುತ್ತದೆ.

ಹೆಸರು ತಿಳಿದ ಮಾತ್ರಕ್ಕೆ ಬಳಕೆಯು ತಿಳಿಯಲಿಲ್ಲ. ಶಾಲೆಯ ವಸ್ತುಪ್ರದರ್ಶನದಲ್ಲಿ ಚೀಟಿ ಅಂಟಿಸಿ ಇಡುವಷ್ಟರಲ್ಲಿಯೇ ಅದರ ಕಥೆಯು ಮುಗಿದುಹೋಗುತ್ತಿತ್ತೋ ಏನೋ. ಆದರೆ ಅದೇ ತಿಂಗಳಿನಲ್ಲಿ ಹಾಜರಿ ಪುಸ್ತಕದಲ್ಲಿ ಒಂದು ಸಂಗತಿಯು ಕಂಡುಬಂದಿತು. ಒಂಬತ್ತನೆಯ ತರಗತಿಯ ಒಬ್ಬ ಹುಡುಗಿಯು ಪ್ರತಿ ಸೋಮವಾರವೂ ಗುರುವಾರವೂ ಮೊದಲನೆಯ ಪಾಠಕ್ಕೆ ಇರುತ್ತಿರಲಿಲ್ಲ. ಬೇರೆ ದಿವಸಗಳಲ್ಲಿ ಎಲ್ಲರಿಗಿಂತ ಮೊದಲು ಬರತಕ್ಕವಳು. ಕಾರಣ ಕೇಳಿದರೆ ತಲೆ ತಗ್ಗಿಸುವಳೇ ಹೊರತು ಮಾತಿಲ್ಲ. ಆಕೆಯು ನಮ್ಮ ವಸತಿಗೃಹದ ಬಟ್ಟೆಗಳನ್ನು ಒಗೆಯುವ ತಾಯಿಯ ಮಗಳು. ಸೋಮವಾರ ಗುರುವಾರಗಳು ಚಾದರಗಳ ದಿವಸಗಳು.

ಒಂದು ಗುರುವಾರ ಬೆಳಗಿನ ಐದು ಗಂಟೆಗೆ ನಾವು ಹಿತ್ತಲಿಗೆ ಹೋದೆವು. ಶಹಾಬಾದದ ಫರಸಿಗಲ್ಲನ್ನು ಹಾಸಿದ ಆ ಒಗೆಯುವ ಕಟ್ಟೆಯನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರೆಲ್ಲರೂ ಬಲ್ಲರು. ತಾಯಿಯು ಚಾದರದ ಒಂದು ತುದಿಯನ್ನು ಕಂಕುಳಲ್ಲಿ ಅವಚಿ ಹಿಡಿದು ನಿಂತಿದ್ದಳು. ಮಗಳು ಮತ್ತೊಂದು ತುದಿಯನ್ನು ಎರಡು ಕೈಗಳಿಂದ ಹಿಡಿದು, ತಿರುಚಿ ತಿರುಚಿ ಹಿಂಡುತ್ತಿದ್ದಳು. ಪಕ್ಕದಲ್ಲಿ ಇನ್ನೂ ಮೂವತ್ತಕ್ಕೆ ಕಡಿಮೆಯಿಲ್ಲದಷ್ಟು ಚಾದರಗಳು ರಾಶಿಬಿದ್ದಿದ್ದವು. ನಮ್ಮನ್ನು ಕಂಡು ಆ ತಾಯಿಯು ತನ್ನ ಬಲಗೈಯನ್ನು ಸೆರಗಿನೊಳಗೆ ಮರೆಮಾಡಿದಳು. ಮಣಿಕಟ್ಟು ಊದಿಕೊಂಡಿತ್ತು. ಹಿಂಡುವ ಕೆಲಸವನ್ನು ಬಿಡಬೇಕೆಂದು ವೈದ್ಯರು ಹೇಳಿ ಮೂರು ತಿಂಗಳಾಗಿತ್ತು.

“ಒಗೀತೀನ್ರಿ ಅಕ್ಕೋರ, ಜಾಲಸ್ತೀನಿ. ಹಿಂಡೂದೊಂದೇ ಆಗವಲ್ದು. ಕೆಲಸ ಬಿಡಸಬ್ಯಾಡ್ರಿ” ಎಂದಳು.

“ಕೆಲಸದ ಮಾತು ಹಾಗಿರಲಿ ಅವ್ವಾ, ಹುಡುಗಿ ಪಾಠಕ್ಕೆ ಬರಬೇಕು” ಎಂದಷ್ಟೇ ನಾವು ಹೇಳಿದೆವು.

ಹೇಳುವುದು ಸುಲಭ. ಆಡಳಿತ ಸಮಿತಿಯ ಸಭೆಯಲ್ಲಿ ಎರಡು ಉಪಾಯಗಳು ಬಂದವು. ಬಟ್ಟೆಗಳನ್ನು ಹೊರಗಿನ ಲಾಂಡ್ರಿಗೆ ಗುತ್ತಿಗೆ ಕೊಡುವುದು ಒಂದು. ದೊಡ್ಡದೊಂದು ವಿದ್ಯುತ್ ಯಂತ್ರವನ್ನು ಕೊಳ್ಳುವುದು ಮತ್ತೊಂದು. ಎರಡರಲ್ಲಿಯೂ ಆ ತಾಯಿಗೆ ಸ್ಥಳವಿರಲಿಲ್ಲ. ವಿದ್ಯುತ್ ಯಂತ್ರಕ್ಕೆ ಬೇಕಾಗುವ ನೀರೂ ನಮ್ಮಲ್ಲಿರಲಿಲ್ಲ. ಭೀಮಾ, ಬೆಣ್ಣೆತೊರೆಗಳಿಂದ ಊರಿಗೆ ನೀರು ಬರುವುದಾದರೂ ಬೇಸಿಗೆಯಲ್ಲಿ ವಸತಿಗೃಹಕ್ಕೆ ಟ್ಯಾಂಕರುಗಳನ್ನು ತರಿಸಬೇಕಾಗುತ್ತದೆ. ನಮ್ಮ ಕೊಳವೆಬಾವಿಯ ನೀರಾದರೋ ಬಹಳ ಗಡಸು. ಗಡಸು ನೀರಿನಲ್ಲಿರುವ ಸುಣ್ಣದ ಅಂಶವು ಸಾಬೂನಿನೊಂದಿಗೆ ಕೂಡಿ ಜಿಗುಟಾದ ಕೆನೆಯಾಗುವುದು. ನೊರೆಯೇಳಬೇಕಾದರೆ ಸಾಬೂನನ್ನು ಇಮ್ಮಡಿಯಾಗಿ ತಿಕ್ಕಬೇಕು. ಇದಕ್ಕೆ ಸೇಡಂ ರಸ್ತೆಯ ಧೂಳನ್ನು ಕೂಡಿಸಿರಿ. ೧೯೮೦ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯವಾದ ಮೇಲೆ ಈ ರಸ್ತೆಯ ಗೌರವವು ಹೆಚ್ಚಿತು, ನಿಜ. ಮಳಖೇಡ, ಸೇಡಂಗಳ ಸಿಮೆಂಟು ಕಾರಖಾನೆಗಳ ಲಾರಿಗಳಿಂದ ಧೂಳೂ ಹೆಚ್ಚಿತು. ಬೆಳಿಗ್ಗೆ ಹಾಸಿದ ಬಿಳಿಯ ಚಾದರದ ಮೇಲೆ ಸಂಜೆಗೆ ಬೆರಳಿನಿಂದ ಹೆಸರು ಬರೆಯಬಹುದು.

ಸಮಿತಿಯವರಿಂದ ಎರಡು ತಿಂಗಳ ಗಡುವನ್ನು ಕೇಳಿಕೊಂಡು, ನಾವು ವರಾಂಡದ ಯಂತ್ರದ ಕಡೆಗೆ ತಿರುಗಿದೆವು.

ನಮ್ಮ ಭಾಷೆಯಲ್ಲಿ ಒಗೆಯುವುದೆಂದರೆ ಎಸೆಯುವುದೆಂಬ ಅರ್ಥವೂ ಉಂಟು. ಈ ಸೀಮೆಯವರು ಇಂದಿಗೂ ಹಾಗೆ ಆಡುತ್ತಾರೆ. ಬಟ್ಟೆಯನ್ನು ಎತ್ತಿ ಕಲ್ಲಿನ ಮೇಲೆ ಎಸೆಯುವುದೇ ನಮ್ಮ ಒಗೆತ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ, ಅಂದರೆ ಇಲ್ಲಿಂದ ದೂರವಲ್ಲದ ಈಗಿನ ಬಸವಕಲ್ಯಾಣದಲ್ಲಿ, ಮಡಿವಾಳ ಮಾಚಯ್ಯನು ಶರಣರ ಬಟ್ಟೆಗಳನ್ನು ಹಾಗೆಯೇ ಮಡಿಮಾಡಿರಬೇಕು. ಮಲಾಕಿಯ ಪ್ರವಾದನೆಯಲ್ಲಿ ಅಗಸನ ಮಾತು ಬಂದಿರುವುದನ್ನು ನಮ್ಮ ವಾಚಕರು ಬಲ್ಲರು. ಕಲ್ಲು, ಕೈ, ನೀರು, ಬಿಸಿಲು ಇವಿಷ್ಟರಿಂದಲೇ ಆಗುವ ಈ ಕೆಲಸದಲ್ಲಿ ಇಂಥ ಯಂತ್ರಕ್ಕೆ ಎಲ್ಲಿ ಸ್ಥಳವೆಂಬುದು ಮೊದಲನೆಯ ಪ್ರಶ್ನೆಯಾಯಿತು.

ಇದರಲ್ಲಿ ನಮಗೆ ನೆರವಾದವರು ನಮ್ಮ ವಿದ್ಯಾರ್ಥಿನಿಯೊಬ್ಬಳ ತಂದೆಯವರು. ಅವರು ಸಿಮೆಂಟು ಕಾರಖಾನೆಯೊಂದರಲ್ಲಿ ಫಿಟ್ಟರರಾಗಿದ್ದು ನಿವೃತ್ತರಾದವರು. ಅವರು ಬಂದು ಅರ್ಧ ತಾಸು ಯಾವುದನ್ನೂ ಮುಟ್ಟದೆ ಸುತ್ತ ನೋಡಿದರು. ಆಮೇಲೆ ಕೆಳಗಿನ ಕಬ್ಬಿಣದ ಹಿಡಿತಗಳನ್ನು ಅಳೆದರು. ಅವು ಎಷ್ಟು ತೆರೆದರೂ ಎರಡು ಬೆರಳಿಗಿಂತ ಹೆಚ್ಚು ತೆರೆಯುತ್ತಿರಲಿಲ್ಲ. “ಇದು ಕಲ್ಲಿನ ಹೌದಿಗಿ ಕೂಡೂದಲ್ರೀ ಅಕ್ಕೋರ. ತೆಳ್ಳನ್ನ ಅಂಚಿನ ಟಬ್ಬಿಗಿ ಕಚ್ಚಸಬೇಕು” ಎಂದರು. ಉರುಳೆಗಳ ಕೆಳಗೆ ಇಳಿಜಾರಾಗಿ ಒಂದು ಚಿಕ್ಕ ಹಲಗೆಯಿತ್ತು. ಅದರ ಒಂದು ಅಂಚಿನಲ್ಲಿ ಮಾತ್ರ ಮರವು ನೀರು ಕುಡಿದು ಬೆಳ್ಳಗಾಗಿ ಸವೆದಿತ್ತು. ನೀರು ಯಾವ ಕಡೆಗೆ ಹರಿದು ಬೀಳುತ್ತಿತ್ತೆಂಬುದು ಇದರಿಂದ ತಿಳಿಯಿತು. ಬಟ್ಟೆಯನ್ನು ಆ ಕಡೆಯಿಂದಲೇ ಒಳಕ್ಕೆ ಕೊಡಬೇಕೆಂಬುದೂ ತಿಳಿಯಿತು. ಮೇಲಿನ ತಿರುಪುಗಳು ಒಂದು ಉಕ್ಕಿನ ಪಟ್ಟಿಯನ್ನು ಅದುಮುತ್ತವೆ, ಆ ಪಟ್ಟಿಯು ಮೇಲಿನ ಉರುಳೆಯನ್ನು ಕೆಳಗಿನದರ ಮೇಲೆ ಒತ್ತುತ್ತದೆ. ದಪ್ಪ ಬಟ್ಟೆಯು ಬಂದಾಗ ಪಟ್ಟಿಯು ಬಾಗಿ ದಾರಿ ಬಿಡುತ್ತದೆ, ತೆಳು ಬಟ್ಟೆಗೆ ಮತ್ತೆ ಕೂಡಿಕೊಳ್ಳುತ್ತದೆ. ಹಿಡಿಕೆಯನ್ನು ತಿರುಗಿಸಿದರೆ ಹಲ್ಲುಗಾಲಿಗಳ ಮೂಲಕ ಎರಡು ಉರುಳೆಗಳೂ ಒಂದಕ್ಕೊಂದು ಎದುರಾಗಿ ತಿರುಗಿ ಬಟ್ಟೆಯನ್ನು ಎಳೆದುಕೊಳ್ಳಬೇಕು.

ತಿರುಗಬೇಕಾದ ಉರುಳೆಗಳು ತಿರುಗಲಿಲ್ಲ. ಯಾರೋ ಕೊನೆಯ ಸಲ ಕೆಲಸ ಮುಗಿಸಿದಾಗ ತಿರುಪುಗಳನ್ನು ಬಿಗಿಯಾಗಿಯೇ ಬಿಟ್ಟಿದ್ದರಿಂದ ರಬ್ಬರುಗಳೆರಡೂ ಅಷ್ಟು ವರ್ಷ ಒಂದನ್ನೊಂದು ಒತ್ತಿಕೊಂಡಿದ್ದು, ತಾಗಿದ ಕಡೆ ಚಪ್ಪಟೆಯಾಗಿ ಅಂಟಿಹೋಗಿದ್ದವು. ಹಸಿಯ ರಬ್ಬರು ಬಿಸಿಲಿಗೆ ಮೆತ್ತಗಾಗಿ ಚಳಿಗೆ ಸೆಟೆಯತಕ್ಕದ್ದು. ಅದಕ್ಕೆ ಗಂಧಕವನ್ನು ಕೂಡಿಸಿ ಕಾಯಿಸಿ ಹದಗೊಳಿಸುವ ಕ್ರಮಕ್ಕೆ ಚಾರ್ಲ್ಸ್ ಗುಡ್‌ಇಯರ್ ಎಂಬ ಅಮೆರಿಕದವನು ೧೮೪೪ರಲ್ಲಿ ಹಕ್ಕುಪತ್ರ ಪಡೆದನು. ಆಮೇಲೆಯೇ ಇಂಥ ಉರುಳೆಗಳು ಬಳಕೆಗೆ ಬಂದವು. ಹದಗೊಳಿಸಿದ ರಬ್ಬರೂ ಗಾಳಿ ಬೆಳಕುಗಳ ದೆಸೆಯಿಂದ ಕಾಲಕ್ರಮದಲ್ಲಿ ಗಟ್ಟಿಯಾಗಿ ಸೀಳುವುದು. ಫಿಟ್ಟರರು ಉರುಳೆಗಳನ್ನು ಬಿಡಿಸಿ, ಹಳೆಯ ರಬ್ಬರನ್ನು ಕೆತ್ತಿ ತೆಗೆದು, ಒಳಗಿನ ಕಬ್ಬಿಣದ ಸಲಾಕೆಗಳನ್ನು ಸೊಲ್ಲಾಪುರಕ್ಕೆ ಕಳುಹಿಸಿ ಹೊಸ ರಬ್ಬರು ಹೊದಿಸಿ ತರಿಸಿದರು. ಛಾಪಖಾನೆಗಳ ಉರುಳೆಗಳಿಗೆ ರಬ್ಬರು ಹೊದಿಸುವವರೇ 이 ಕೆಲಸವನ್ನೂ ಮಾಡಿಕೊಟ್ಟರು. ಹಲ್ಲುಗಾಲಿಗಳಿಗೆ ಎಣ್ಣೆ ಹಾಕಿದೆವು. ರಬ್ಬರಿಗೆ ಎಣ್ಣೆ ತಾಗಬಾರದೆಂದು ಅವರು ಎರಡೆರಡು ಸಲ ಎಚ್ಚರಿಸಿದರು.

ಮೊದಲನೆಯ ದಿವಸ ಹಾಕಿದ ಚಾದರವು ಎಡಕ್ಕೆ ಸರಿಯುತ್ತ ಸರಿಯುತ್ತ ಹೋಗಿ ಹಲ್ಲುಗಾಲಿಯ ಹತ್ತಿರ ಮುದ್ದೆಯಾಗಿ ನಿಂತಿತು. ಎರಡು ತಿರುಪುಗಳ ಬಿಗಿಯು ಸಮವಾಗಿರದಿದ್ದರೆ ಬಟ್ಟೆಯು ಸಡಿಲವಿರುವ ಕಡೆಗೆ ಓಡುತ್ತದೆ. ಆದ್ದರಿಂದ ತಿರುಪಿನ ತಲೆಗೆ ಸೀಮೆಸುಣ್ಣದಿಂದ ಗೆರೆ ಹಾಕಿ, ಸುತ್ತುಗಳನ್ನು ಎಣಿಸಿ ಬಿಗಿಮಾಡುವುದಾಯಿತು. ಎರಡನೆಯ ದಿವಸ ಚಿಕ್ಕ ಹುಡುಗಿಯರ ಅಂಗಿಗಳ ಮೂರು ಗುಂಡಿಗಳು ಟಕ್ಕೆಂದು ಒಡೆದವು. ಗುಂಡಿಗಳನ್ನು ಒಳಮುಖವಾಗಿ ಬಟ್ಟೆಯಲ್ಲಿ ಮಡಚಿ ಕೊಡಬೇಕೆಂಬುದನ್ನು ಕಂಡುಹಿಡಿದವಳು ಆ ಒಂಬತ್ತನೆಯ ತರಗತಿಯ ಹುಡುಗಿಯೇ. ಚಾದರವನ್ನು ಅಗಲವಾಗಿ ಕೊಡದೆ, ಉದ್ದಕ್ಕೆ ನಾಲ್ಕು ಮಡಿಕೆ ಮಾಡಿ ಮೂಲೆಯನ್ನು ಮೊದಲು ಕೊಟ್ಟರೆ ಉರುಳೆಗಳು ಸುಲಭವಾಗಿ ಹಿಡಿಯುತ್ತವೆ. ಬೆರಳುಗಳು ಉರುಳೆಯಿಂದ ಒಂದು ಗೇಣು ದೂರವಿರಬೇಕು. ಜಡೆ, ರಿಬ್ಬನ್ನು, ಓಢಣಿಗಳನ್ನು ಕಟ್ಟಿಕೊಳ್ಳದೆ ಯಾರೂ ಹತ್ತಿರ ಬರಕೂಡದೆಂದು ನಾವು ಕಟ್ಟಪ್ಪಣೆ ಮಾಡಿದೆವು. ಹಿಡಿಕೆಯು ನಿಂತರೂ ಹಿಡಿದದ್ದನ್ನು ಉರುಳೆಗಳು ಬಿಡುವುದಿಲ್ಲ. ತಿರುಪನ್ನು ಸಡಿಲಿಸಿದರೆ ಮಾತ್ರ ಬಿಟ್ಟೀತು.

ಇಷ್ಟಾದರೂ ಆ ತಾಯಿಯು ದೂರದಲ್ಲಿ ಕೈಕಟ್ಟಿಕೊಂಡು ನಿಂತಿದ್ದಳು. ಕರೆದು ಕೇಳಿದೆವು. “ಕಲಬುರಗಿ ಬಿಸಿಲಿಗಿ ಇದರ ಗರಜೇನದ್ರಿ ಅಕ್ಕೋರ? ನೀರು ಸುರಿಯೂ ಚಾದರ ಹಾಕಿದ್ರೂ ತಾಸಿನಾಗ ಒಣಗ್ತದ” ಎಂದಳು. ಯಂತ್ರವು ತನ್ನ ಅನ್ನಕ್ಕೆ ಕಲ್ಲು ಹಾಕಬಂದಿದೆಯೆಂಬ ಭಯವು ಆ ಮಾತಿನ ಹಿಂದೆ ಇತ್ತೆಂಬುದನ್ನು ಬಲ್ಲೆವು. ಆದರೆ ಮಾತು ಸುಳ್ಳಾಗಿರಲಿಲ್ಲ. ಮೇ ತಿಂಗಳಲ್ಲಿ ನಾಲ್ವತ್ತು ಡಿಗ್ರಿ ದಾಟುವ ಈ ಊರಿನಲ್ಲಿ ಒಣಗಿಸುವುದಕ್ಕಾಗಿ ಯಂತ್ರವನ್ನು ಯಾರು ತರಿಸಿಯಾರು? ಶೀತದೇಶದವರು ತಮ್ಮ ರೂಢಿಯಂತೆ ತಂದು, ಇಲ್ಲಿ ಬೇಡವಾಗಿ ಮೂಲೆಗಿಟ್ಟಿರಬಹುದೇ? ಹಾಗಾದರೆ ಹಲಗೆಯ ಅಂಚು ಅಷ್ಟು ಸವೆದದ್ದು ಹೇಗೆ? ಫಿಟ್ಟರರಿಗೂ ಇದಕ್ಕೆ ಉತ್ತರವಿರಲಿಲ್ಲ.

ಉತ್ತರವನ್ನು ತಂದವರು, ಈ ಸಂಚಿಕೆಯ ಸಿದ್ಧತೆಗಾಗಿ ಜುಲೈಯಲ್ಲಿ ಕೂಡಿದ ಹಳೆಯ ವಿದ್ಯಾರ್ಥಿನಿಯರಲ್ಲಿ ಒಬ್ಬರು. ಎಂಬತ್ತು ದಾಟಿದವರು, ಈ ಜಿಲ್ಲೆಯು ೧೯೫೬ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿದ ಒಂದೆರಡು ವರ್ಷಗಳಲ್ಲಿ ನಮ್ಮ ವಸತಿಗೃಹಕ್ಕೆ ಬಂದವರು. ಚಹದ ತರುವಾಯ ಹಿತ್ತಲನ್ನು ನೋಡಬೇಕೆಂದರು. ಟಬ್ಬಿಗೆ ಕಚ್ಚಿಸಿದ್ದ ಯಂತ್ರವನ್ನು ಕಂಡು, ಅದರ ಹಿಡಿಕೆಯ ಮೇಲೆ ಕೈಯಿಟ್ಟು, ಆಚೆ ಈಚೆ ನೋಡಿ ಕೇಳಿದರು:

“ಇನ್ನೊಂದು ಟಬ್ಬು ಎಲ್ಲದ ಅಕ್ಕೋರ?”

“ಒಂದೇ ಇದೆ ಆಯಿ. ಇನ್ನೊಂದು ಯಾತಕ್ಕೆ?”

“ಒಂದರಾಗ ಹ್ಯಾಂಗ ಆಗ್ತದ? ಒಣಗಸಲಿಕ್ಕಲ್ರೀ ಇದು. ಒಣಗಸಲಿಕ್ಕ ದೇವರು ಬಿಸಿಲು ಕೊಟ್ಟಾನ. ಸಾಬಾಣದ ನೀರು ಹೊಳ್ಳಿ ತಗೋಲಿಕ್ಕ ಇದು.”

ಆಗ ಎಲ್ಲವೂ ತಿಳಿಯಿತು. ಯಂತ್ರದ ಸ್ಥಳವು ಒಗೆತದ ಕೊನೆಯಲ್ಲಲ್ಲ, ಸಾಬೂನಿಗೂ ಜಾಲಿಸುವುದಕ್ಕೂ ನಡುವೆ. ಈಚೆ ಸಾಬೂನು ನೀರಿನ ಟಬ್ಬು, ಆಚೆ ತಿಳಿನೀರಿನ ಟಬ್ಬು, ನಡುವೆ ಯಂತ್ರ. ಸಾಬೂನು ನೀರಿನಿಂದ ಎತ್ತಿದ ಬಟ್ಟೆಯನ್ನು ಉರುಳೆಗಳ ನಡುವೆ ಕೊಟ್ಟರೆ ಅದು ಆಚೆಯ ತಿಳಿನೀರಿಗೆ ಬೀಳುತ್ತದೆ; ಅದರೊಳಗಿದ್ದ ಸಾಬೂನು ನೀರು ಹಲಗೆಯ ಮೇಲೆ ಹರಿದು ಈಚೆಯ ಟಬ್ಬಿಗೇ ಮರಳುತ್ತದೆ. ಆ ನೀರಿನಲ್ಲಿ ಮೊದಲು ಬಿಳಿಯ ಬಟ್ಟೆಗಳು, ಆಮೇಲೆ ಬಣ್ಣದವು, ಕಡೆಗೆ ನೆಲ ಒರೆಸುವ ಅರಿವೆಗಳು. ಉಳಿದದ್ದು ಬಚ್ಚಲು ತೊಳೆಯುವುದಕ್ಕೆ. ಸಾಬೂನಿನ ಗಟ್ಟಿಯನ್ನು ತುಂಡುಮಾಡಿ ಎಣಿಸಿ ಕೊಡುತ್ತಿದ್ದ ಕಾಲವದು. ದೊಡ್ಡ ಹುಡುಗಿಯರು ಇಬ್ಬಿಬ್ಬರಾಗಿ ಸರದಿಯ ಮೇಲೆ ನಿಲ್ಲುತ್ತಿದ್ದರಂತೆ, ಒಬ್ಬಳು ತಿರುಗಿಸುವವಳು, ಒಬ್ಬಳು ಕೊಡುವವಳು. ತಲೆಗೆ ಅರಿವೆ ಕಟ್ಟಿಕೊಳ್ಳದವಳಿಗೆ ಮಿಸ್ಸಮ್ಮನವರು ಅಂದಿನ ಸರದಿಯನ್ನೇ ತಪ್ಪಿಸುತ್ತಿದ್ದರಂತೆ. ಅದನ್ನು ಶಿಕ್ಷೆಯೆಂದು ತಿಳಿದು ಅಳುತ್ತಿದ್ದೆವೆಂದು ಹೇಳಿ ಆಯಿಯವರು ನಕ್ಕರು. ಅವರ ಕಡೆಯ ತಂಗಿಯು ಇಲ್ಲಿ ಓದುವ ಹೊತ್ತಿಗೆ ರಬ್ಬರು ಸೀಳಿ ಯಂತ್ರವು ಒಳಗೆ ಸೇರಿತ್ತು. ೧೯೬೯ರಲ್ಲಿ ಗುಜರಾತಿನಲ್ಲಿ ಹುಟ್ಟಿದ ನಿರ್ಮಾ ಪುಡಿಯಂಥವು ಅಗ್ಗವಾಗಿ ಮನೆಮನೆಗೆ ಬಂದ ಮೇಲಂತೂ ಸಾಬೂನು ನೀರನ್ನು ಹಿಂದಕ್ಕೆ ಪಡೆಯುವ ಯೋಚನೆಯೇ ಯಾರಿಗೂ ಉಳಿಯಲಿಲ್ಲ.

ಮಾರನೆಯ ದಿವಸ ನಮ್ಮ ಗಣಿತದ ಉಪಾಧ್ಯಾಯಿನಿಯವರು ಇದನ್ನೇ ಒಂಬತ್ತನೆಯ ತರಗತಿಗೆ ಲೆಕ್ಕವಾಗಿ ಕೊಟ್ಟರು. ಲೆಕ್ಕದ ಅನುಕೂಲಕ್ಕಾಗಿ, ಕೈಯಿಂದ ಹಿಂಡಿದ ಚಾದರದಲ್ಲಿ ೨ ಲೀಟರು ನೀರು ಉಳಿಯುವುದೆಂದೂ, ಯಂತ್ರದಿಂದ ಹಿಂಡಿದ್ದರಲ್ಲಿ ೧ ಲೀಟರು ಉಳಿಯುವುದೆಂದೂ, ಪ್ರತಿ ಸಲ ೧೦ ಲೀಟರು ತಿಳಿನೀರಿನಲ್ಲಿ ಜಾಲಿಸುವುದೆಂದೂ ಇಟ್ಟುಕೊಳ್ಳೋಣ. ಕೈಯ ಚಾದರವು ೨ ಲೀಟರು ಸಾಬೂನು ನೀರನ್ನು ಹೊತ್ತು ೧೦ ಲೀಟರಿಗೆ ಇಳಿಯುತ್ತದೆ, ಒಟ್ಟು ೧೨. ಎತ್ತಿ ಹಿಂಡಿದರೆ ಮೊದಲಿನ ಸಾಬೂನಿನಲ್ಲಿ ೬ರಲ್ಲಿ ೧ ಪಾಲು, ಅಂದರೆ ಲೀಟರಿನ ೧/೩ರಷ್ಟು ಸಾಬೂನು ನೀರು ಉಳಿಯಿತು. ಎರಡನೆಯ ಸಲಕ್ಕೆ ೧/೧೮. ಮೂರನೆಯ ಸಲಕ್ಕೆ ೧/೧೦೮. ಯಂತ್ರದ ಚಾದರವಾದರೆ ೧ ಲೀಟರನ್ನು ಮಾತ್ರ ಹೊತ್ತು ಇಳಿಯುತ್ತದೆ, ಒಟ್ಟು ೧೧, ಉಳಿಯುವುದು ೧/೧೧. ಎರಡನೆಯ ಸಲಕ್ಕೆ ೧/೧೨೧. ಕೈಯಿಂದ ಮೂರು ಸಲ ಜಾಲಿಸಿದ್ದಕ್ಕಿಂತ ಯಂತ್ರದಿಂದ ಎರಡು ಸಲ ಜಾಲಿಸಿದ ಚಾದರವೇ ಸ್ವಚ್ಛ! ಮೂರು ಕೊಡ ನೀರಿನಲ್ಲಿ ಒಂದು ಕೊಡ ಉಳಿಯಿತೆಂಬುದನ್ನು ಹುಡುಗಿಯರು ತಾವೇ ಲೆಕ್ಕ ಮಾಡಿ ಕಂಡರು. ಭಿನ್ನರಾಶಿಗಳನ್ನು ಅಷ್ಟು ಉತ್ಸಾಹದಿಂದ ಗುಣಿಸಿದ್ದನ್ನು ನಾವು ಇದುವರೆಗೆ ಕಂಡಿರಲಿಲ್ಲ. ಟ್ಯಾಂಕರಿನ ಕ್ರಯವನ್ನು ಬಲ್ಲ ಸಮಿತಿಯ ಸದಸ್ಯರಿಗೆ ಈ ಲೆಕ್ಕದ ಹಾಳೆಯೊಂದೇ ಸಾಕಾಯಿತು.

ಆ ತಾಯಿಯ ಮನಸ್ಸನ್ನು ತಿರುಗಿಸಿದ್ದು ಮಾತ್ರ ಲೆಕ್ಕವಲ್ಲ. ಆಯಿಯವರು ಹೋಗುವ ಮುಂಚೆ ಆಕೆಯನ್ನು ಹತ್ತಿರ ಕರೆದು, ಆಕೆಯ ಕೈಯನ್ನು ಹಿಡಿಕೆಯ ಮೇಲಿರಿಸಿ, ತಿರುಗಿಸುವಾಗ ಮಣಿಕಟ್ಟನ್ನು ಬಾಗಿಸದೆ ಭುಜದಿಂದ ತಿರುಗಿಸಬೇಕೆಂದು ತೋರಿಸಿಕೊಟ್ಟರು. ಎಡಗೈಯಿಂದಲೂ ತಿರುಗಿಸಬಹುದು. ಒಂದು ಚಾದರವನ್ನು ತಾನೇ ಹಿಂಡಿ ತೆಗೆದು, ಕೆನ್ನೆಗೆ ಒತ್ತಿ ನೋಡಿ, “ಗಾಣ ಇದ್ದಂಗದ” ಎಂದಳು. ಅಂದಿನಿಂದ ಅದಕ್ಕೆ ಗಾಣವೆಂದೇ ಹೆಸರು. ಕಂಪನಿಯವರು ಕೊಟ್ಟ ಹೆಸರನ್ನು ಈಗ ನಮ್ಮಲ್ಲಿ ಯಾರೂ ಆಡುವುದಿಲ್ಲ.

ಆಕೆಯ ಸಂಬಳವೂ ಕೆಲಸವೂ ಮೊದಲಿನಂತೆಯೇ ಇವೆ. ಒಗೆತವನ್ನು ಸೋಮವಾರ ಗುರುವಾರಗಳ ನಸುಕಿನಿಂದ ಮಧ್ಯಾಹ್ನಕ್ಕೆ ಬದಲಾಯಿಸಿದ್ದೇವೆ. ಶನಿವಾರ ವಸತಿಗೃಹದ ದೊಡ್ಡ ಹುಡುಗಿಯರು ತಮ್ಮ ಸ್ವಂತ ಬಟ್ಟೆಗಳಿಗಾಗಿ ಇಬ್ಬಿಬ್ಬರಾಗಿ ಸರದಿಯ ಮೇಲೆ ನಿಲ್ಲುತ್ತಾರೆ. ಅಗಸ್ಟ್ ತಿಂಗಳಿನ ಹಾಜರಿ ಪುಸ್ತಕದಲ್ಲಿ ಒಂಬತ್ತನೆಯ ತರಗತಿಯ ಆ ಹೆಸರಿನ ಮುಂದೆ ಮೊದಲನೆಯ ಪಾಠಕ್ಕೆ ಒಂದು ದಿನವೂ ಗೈರುಹಾಜರಿಯಿಲ್ಲ. ಮುಂದಿನ ತಿಂಗಳುಗಳಲ್ಲಿಯೂ ಇಲ್ಲ, ಜ್ವರ ಬಂದ ಎರಡು ದಿವಸಗಳನ್ನು ಬಿಟ್ಟರೆ.

ಗಾಣದಿಂದ ಎಲ್ಲವೂ ಆಗುವುದೆಂದು ಹಳೆಯ ವಿದ್ಯಾರ್ಥಿನಿಯರು ತಿಳಿಯಬಾರದು. ಕೌದಿಗಳು ಅದರ ಬಾಯಿಗೆ ಹಿಡಿಯುವುದಿಲ್ಲ; ಅವುಗಳನ್ನು ಹಿಂದಿನಂತೆ ತುಳಿದು, ನೀರು ಸುರಿಯುತ್ತಿರುವಂತೆಯೇ ಗೋಡೆಯ ಮೇಲೆ ಹರವಬೇಕು. ಉಣ್ಣೆಯ ಅಂಗಿಗಳು ಆಕಾರ ಕೆಡುತ್ತವೆ. ಜರಿಯಂಚಿನ ಸೀರೆಗಳನ್ನು ತರಲೇಬಾರದು. ಕಮಲಾಪುರದ ಕೆಂಪು ಬಾಳೆಯ ತೋಟಗಳಿಂದ ಬರುವ ನಮ್ಮ ಹುಡುಗಿಯರ ಲಂಗಗಳ ಮೇಲಿನ ಬಾಳೆಯ ಕರೆಯಂತೂ ಕಲ್ಲಿಗೂ ಹೋಗದು, ಗಾಣಕ್ಕೂ ಹೋಗದು. ಅವರ ತಾಯಂದಿರು ರಜೆಯಲ್ಲಿ ಹಳೆಯ ಲಂಗಗಳನ್ನೇ ಉಡಿಸಿ ತೋಟಕ್ಕೆ ಕಳುಹಿಸಬೇಕೆಂದು ಈ ಮೂಲಕ ವಿಜ್ಞಾಪಿಸುತ್ತೇವೆ.

ಬಳಕೆಯ ಕ್ರಮವನ್ನೆಲ್ಲ ಆ ತಾಯಿಯು ಹೇಳಿದಂತೆ ಆಕೆಯ ಮಗಳು ದೊಡ್ಡ ಅಕ್ಷರಗಳಲ್ಲಿ ಒಂದು ಹಲಗೆಯ ಮೇಲೆ ಬರೆದು ಹಿತ್ತಲಿನ ಗೋಡೆಗೆ ತೂಗುಹಾಕಿದ್ದಾಳೆ. ಅದರ ಒಂದು ಪ್ರತಿಯನ್ನು ಶಾಲೆಯ ಲೆಕ್ಕದ ಪುಸ್ತಕದಲ್ಲಿ, ಘಂಟೆಯ ಕ್ರಯವಿರುವ ಪುಟದ ಎದುರಿಗೆ ನಾವು ಅಂಟಿಸಿದ್ದೇವೆ. ಸಮ್ಮೇಳನಕ್ಕೆ ಬರತಕ್ಕ ಹಳೆಯ ವಿದ್ಯಾರ್ಥಿನಿಯರು ಶನಿವಾರ ಬೆಳಿಗ್ಗೆ ಎಂಟರಿಂದ ಹತ್ತರೊಳಗೆ ಹಿತ್ತಲಿಗೆ ಬಂದರೆ ಗಾಣವು ನಡೆಯುವುದನ್ನು ನೋಡಬಹುದು, ತಲೆಗೆ ಅರಿವೆ ಕಟ್ಟಿಕೊಂಡರೆ ತಿರುಗಿಸಲೂಬಹುದು. ಹಲಗೆಯ ಮೇಲಿನ ಕೊನೆಯ ಸಾಲು, ಕೆಲಸವಾದ ಮೇಲೆ ಎರಡೂ ತಿರುಪುಗಳನ್ನು ಮೂರು ಸುತ್ತು ಸಡಿಲು ಮಾಡಬೇಕು ಎಂಬುದು. ಆ ಕೆಲಸವನ್ನು ಆ ತಾಯಿಯು ಇನ್ನೂ ಯಾರ ಕೈಗೂ ಕೊಟ್ಟಿಲ್ಲ.